ದೇವರ ಜೊತೆ ಜಗಳ ಆಡಿ, ಮಾತು ಮಾತ್ರ ಬಿಡಬೇಡಿ

2022ರ ಕೊನೆಗೆ ನಮ್ಮ ಮನೆಗೆ ಎರಡು ಏಟು ಒಟ್ಟಿಗೆ ಬಿದ್ದವು. ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿತು. ನೆಟೆ ರೋಗ. ಆ ವರ್ಷ ಕಲಬುರಗಿ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಹೀಗೇ ಆಯಿತು, ಹೊಲ ಇದ್ದವರಿಗೆ ನೆನಪಿರುತ್ತದೆ. ಅಪ್ಪ ಹೊಲದ ಬದುವಿನ ಮೇಲೆ ಕೂತು ಬಿಟ್ಟವರು ಸಂಜೆವರೆಗೆ ಏಳಲಿಲ್ಲವಂತೆ. ಅದೇ ತಿಂಗಳು ನನ್ನ ತಮ್ಮನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಅಂತ ಗೊತ್ತಾಯಿತು. ಅವನಿಗೆ ಆಗ 34 ವರ್ಷ.

ಡಯಾಲಿಸಿಸ್‌ಗೆ ಅಂತ ಅವನು ಕಲಬುರಗಿಯ ನಮ್ಮ ಮನೆಗೇ ಬಂದ. 14 ತಿಂಗಳು ಇದ್ದ. 2024ರ ಫೆಬ್ರುವರಿಯಲ್ಲಿ ತೀರಿ ಹೋದ.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಯಾಕೆಂದರೆ ನಂಬಿಕೆಯ ಬಗ್ಗೆ ಯಾರಾದರೂ ಹೇಳಲು ಶುರು ಮಾಡಿದರೆ ಕೊನೆಗೆ ಅದ್ಭುತ ಆಯಿತು, ರಿಪೋರ್ಟ್ ನಾರ್ಮಲ್ ಬಂತು, ಸಾಲ ತೀರಿತು ಅಂತಲೇ ಮುಗಿಯುತ್ತದೆ. ಅಂಥ ಸಾಕ್ಷಿಗಳು ಸುಳ್ಳು ಅಂತ ನಾನು ಹೇಳುತ್ತಿಲ್ಲ, ಸಭೆಯಲ್ಲಿ ಕೇಳಿ ನಾನೂ ಚಪ್ಪಾಳೆ ತಟ್ಟಿದ್ದೇನೆ. ಆದರೆ ಅದ್ಭುತ ಆಗದೆ ಇರುವ ಮನೆಗಳಲ್ಲೂ ಯೇಸುವಿನ ಹೆಸರು ಹೇಳಿ ಬೆಳಗ್ಗೆ ಏಳುವವರು ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ನಮಗೆ ಉಪಯೋಗಕ್ಕೆ ಬಂದದ್ದು ಏನು, ಬಾರದ್ದು ಏನು, ಅಷ್ಟನ್ನೇ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ನಾನು ಪಾಸ್ಟರ್ ಅಲ್ಲ. ಮನೆಯಲ್ಲಿ ಹೊಲಿಗೆ ಮಾಡುವವಳು.

ಎಲ್ಲಕ್ಕೂ ಮೊದಲು

ನಿಮಗೆ ಈಗ ಜೀವವೇ ಬೇಡ ಅನ್ನಿಸುತ್ತಿದ್ದರೆ ಉಳಿದದ್ದನ್ನು ಆಮೇಲೆ ಓದಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಅದರ ಹೆಸರು, ಸರ್ಕಾರದ್ದು, ದುಡ್ಡು ಇಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ಕೋಣೆಯಲ್ಲಿ ಯಾರಾದರೂ ಮಲಗಿದ್ದರೆ ಎಬ್ಬಿಸಿ, ‘ಇವತ್ತು ನನ್ನನ್ನು ಒಬ್ಬಳನ್ನೇ ಬಿಡಬೇಡಿ’ ಅಂತ ಹೇಳಿ. ಬೆಳಗಾದ ಮೇಲೆ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಈ ಸರ್ಕಾರಿ ಆಸ್ಪತ್ರೆಗಳಲ್ಲಿ ನಿಮಗೆ ಹತ್ತಿರ ಯಾವುದೋ ಅಲ್ಲಿ ಮಾನಸಿಕ ಆರೋಗ್ಯದ ಡಾಕ್ಟರನ್ನು ಕೇಳಿ.

ಕ್ರೈಸ್ತರಿಗೆ ಹೀಗೆ ಅನ್ನಿಸಬಾರದು ಅಂತ ಯಾರಾದರೂ ಅಂದರೆ ಅವರಿಗೆ ಸತ್ಯವೇದವನ್ನೇ, ಅಂದರೆ ಬೈಬಲನ್ನೇ ತೋರಿಸಿ. ಪ್ರವಾದಿ ಎಲೀಯ ಕೇಳಿದ್ದು ಸಾವನ್ನೇ. ಬದುಕುವ ಭರವಸೆಯೇ ಹೋಗಿತ್ತು ಅಂತ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲೇ ಹೇಳಿಕೊಂಡಿದ್ದಾನೆ.

ಹೆಜ್ಜೆ 1: ಉಣ್ಣಿ, ಮಲಗಿ, ಆಮೇಲೆ ದೇವರ ಬಗ್ಗೆ ಯೋಚಿಸಿ

ಎಲೀಯನ ಕಥೆ ಮೊದಲನೆಯ ಅರಸುಗಳು 19ನೇ ಅಧ್ಯಾಯದಲ್ಲಿದೆ. ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಮನುಷ್ಯ, ಇಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾಕಪ್ಪಾ, ನನ್ನ ಜೀವ ತಗೋ ಅನ್ನುತ್ತಾನೆ. ದೇವರು ಏನು ಮಾಡಿದ? ಬುದ್ಧಿ ಹೇಳಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತ ಬೈಯಲಿಲ್ಲ. ದೂತ ಬಂದು ಮುಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೊಮ್ಮೆ ಎಬ್ಬಿಸಿ ಮತ್ತೆ ಉಣ್ಣಿಸಿದ. ದೇವರ ಮೆಲ್ಲನೆಯ ದನಿ ಕೇಳಿದ್ದು ಅದಾದ ಮೇಲೆ, 40 ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋದ ಮೇಲೆ.

ಆಸ್ಪತ್ರೆ ಕಾಯುವವರು ಉಣ್ಣುವುದಿಲ್ಲ. ನಾನೂ ಉಣ್ಣುತ್ತಿರಲಿಲ್ಲ. ತಮ್ಮನಿಗೆ ಇಷ್ಟೇ ನೀರು, ಇಂಥದ್ದೇ ಊಟ ಅಂತ ಡಾಕ್ಟರ್ ಹೇಳಿರುವಾಗ ನಾನು ಹೊಟ್ಟೆ ತುಂಬ ಉಣ್ಣುವುದು ತಪ್ಪು ಅನ್ನಿಸುತ್ತಿತ್ತು. ಅದರ ಮೇಲೆ ಶುಕ್ರವಾರದ ಉಪವಾಸ ಪ್ರಾರ್ಥನೆ ಬೇರೆ. ಒಂದು ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಣ್ಣು ಕತ್ತಲು ಬಂದು ಕೂತೆ. ನಮ್ಮ ಸಭೆಯ ಒಬ್ಬ ಅತ್ತೆ ಬಂದು ನೋಡಿ, ‘ಉಪಾಸ ನಿನಗ ಈಗ ಬ್ಯಾಡ ಯವ್ವಾ, ದೇವ್ರು ನಿನ್ನ ಹೊಟ್ಟಿ ನೋಡ್ಕೊಂಡು ಕುಂತಿಲ್ಲ’ ಅಂದರು. ಮರುದಿನದಿಂದ ರೊಟ್ಟಿ, ಬ್ಯಾಳಿ ಡಬ್ಬಿಗೆ ಕಟ್ಟಿ ಕಳಿಸಲು ಶುರು ಮಾಡಿದರು.

ಹಾಗಾಗಿ ಮೊದಲ ಕೆಲಸ ಇದೇ. ಹೊತ್ತಿಗೆ ಊಟ. ರಾತ್ರಿ ಕಾಯುವುದಕ್ಕೆ ಸರದಿ ಹಚ್ಚಿಕೊಳ್ಳಿ, ಒಬ್ಬರೇ ಎಚ್ಚರ ಇರಬೇಡಿ. ನಾಲ್ಕು ರಾತ್ರಿ ನಿದ್ದೆಗೆಟ್ಟವರಿಗೆ ದೇವರೇ ಇಲ್ಲ ಅನ್ನಿಸುವುದು ಸಹಜ, ಆ ಹೊತ್ತಿನಲ್ಲಿ ನಂಬಿಕೆಯ ಬಗ್ಗೆ ಏನನ್ನೂ ತೀರ್ಮಾನ ಮಾಡಬೇಡಿ.

ಹೆಜ್ಜೆ 2: ದೇವರ ಮುಂದೆ ಸುಳ್ಳು ಹೇಳಬೇಡಿ

ನಾನು ಹೇಳಬೇಕು ಅಂತ ಕೂತದ್ದು ಮುಖ್ಯವಾಗಿ ಇದನ್ನೇ.

ನಮಗೆ ಚಿಕ್ಕಂದಿನಿಂದ ಪ್ರಾರ್ಥನೆ ಅಂದರೆ ಸ್ತೋತ್ರ ಅಂತಲೇ ಕಲಿಸಿದ್ದಾರೆ. ಸ್ತೋತ್ರ ಕರ್ತನೇ, ವಂದನೆ ಕರ್ತನೇ, ಎಲ್ಲದಕ್ಕೂ ಸ್ತೋತ್ರ. ಒಳಗೆ ಬೆಂಕಿ ಬಿದ್ದಿದ್ದರೂ ಬಾಯಲ್ಲಿ ಸ್ತೋತ್ರ. ತಮ್ಮನಿಗೆ ಡಯಾಲಿಸಿಸ್ ಶುರುವಾದ ಮೊದಲ ಎರಡು ತಿಂಗಳು ನಾನು ಹಾಗೇ ಮಾಡಿದೆ. ಯಾರು ಕೇಳಿದರೂ ‘ದೇವರ ಚಿತ್ತ’ ಅಂದೆ. ಆಮೇಲೆ ಒಂದು ದಿನ ಪ್ರಾರ್ಥನೆಗೆ ಮೊಣಕಾಲೂರಿದರೆ ಒಂದು ಮಾತೂ ಬರಲಿಲ್ಲ. ಸಿಟ್ಟಿದ್ದವರ ಎದುರಿಗೆ ನಗುತ್ತಾ ಎಷ್ಟು ದಿನ ಇರಲು ಆಗುತ್ತದೆ? ಮಾತೇ ನಿಂತು ಹೋಗುತ್ತದೆ. ಗಂಡ ಹೆಂಡತಿ ಆಗಲಿ, ಅಣ್ಣ ತಮ್ಮ ಆಗಲಿ, ಜಗಳ ಆಡಿದ ಮನೆ ಒಡೆಯುವುದು ಕಡಿಮೆ. ಮಾತು ಬಿಟ್ಟ ಮನೆ ಒಡೆಯುತ್ತದೆ.

ಸತ್ಯವೇದದ ಕೀರ್ತನೆಗಳ ಪುಸ್ತಕ ತೆಗೆದು ನೋಡಿ. ಅಲ್ಲಿರುವ 150ರಲ್ಲಿ ಗೋಳಾಟದ ಕೀರ್ತನೆಗಳೇ ಎಷ್ಟೊಂದು ಇವೆ. 13ನೇ ಕೀರ್ತನೆ ಆರೇ ವಚನ. ಮೊದಲ ಎರಡು ವಚನಗಳಲ್ಲೇ ‘ಇನ್ನೂ ಎಷ್ಟು ದಿನ’ ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನನ್ನನ್ನು ಮರೆತೇ ಬಿಟ್ಟೆಯಾ ಅಂತ ಹಾಡುವವನು ದೇವರನ್ನೇ ನೇರವಾಗಿ ಕೇಳುತ್ತಾನೆ. 88ನೇ ಕೀರ್ತನೆ ಇನ್ನೂ ಗಟ್ಟಿ. ಅದರ ಕೊನೆಯಲ್ಲಿ ಕೂಡ ಸಮಾಧಾನದ ಮಾತಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಸತ್ಯವೇದದಿಂದ ಯಾರೂ ತೆಗೆದು ಹಾಕಲಿಲ್ಲ. ಕತ್ತಲಲ್ಲೇ ಮುಗಿಯುವ ಪ್ರಾರ್ಥನೆಯೂ ಪ್ರಾರ್ಥನೆಯೇ ಅಂತ ನಾನು ಅದರಿಂದ ತಿಳಿದುಕೊಂಡೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಯಾರ ಮೇಲೆ ನೋಡಿ. ಅಷ್ಟುದ್ದ ಜಗಳ ಆಡಿದ ಯೋಬನ ಮೇಲಲ್ಲ. ದೇವರ ಪರವಾಗಿ ಚೆಂದ ಚೆಂದದ ಮಾತಾಡಿದ ಗೆಳೆಯರ ಮೇಲೆ. ನನ್ನ ಸೇವಕ ಯೋಬ ಆಡಿದಂತೆ ನೀವು ಸರಿಯಾದದ್ದನ್ನು ಆಡಲಿಲ್ಲ ಅನ್ನುತ್ತಾನೆ.

ಹೇಗೆ ಮಾಡಬೇಕು ಅಂದರೆ, ಒಂದು ಹಳೆ ನೋಟ್‌ಬುಕ್ ತಗೊಳ್ಳಿ. 13ನೇ ಕೀರ್ತನೆಯನ್ನು ಒಂದು ಸಲ ಓದಿ. ಆಮೇಲೆ ನಿಮ್ಮದೇ ನಾಲ್ಕು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ದೇವರ ಹೆಸರು ಹಿಡಿದು ಕರೆಯಿರಿ. ಎರಡನೆಯದರಲ್ಲಿ ಇವತ್ತು ಏನು ನೋವು ಅಂತ ಬರೆಯಿರಿ, ಸುತ್ತಿ ಬಳಸಿ ಬೇಡ, ಇವತ್ತಿನದು ಮಾತ್ರ. ಮೂರನೆಯದರಲ್ಲಿ ಏನು ಬೇಕು ಅಂತ ಕೇಳಿ. ನಾಲ್ಕನೆಯದರಲ್ಲಿ ಹಿಂದೆ ಅವನು ಮಾಡಿದ್ದು ಯಾವುದಾದರೂ ನೆನಪಾದರೆ ಬರೆಯಿರಿ. ನೆನಪಾಗದಿದ್ದರೆ ಜಾಗ ಖಾಲಿ ಬಿಡಿ. ನಮ್ಮ ಭಾಷೆಯಲ್ಲೇ ಬರೆಯಿರಿ, ಪುಸ್ತಕದ ಕನ್ನಡ ಬೇಡ. 2023ರ ಮೇ ತಿಂಗಳಲ್ಲಿ ನಾನು ಬರೆದದ್ದು ಇನ್ನೂ ಇದೆ:

‘ಯೇಸಪ್ಪಾ, ಕೇಳ್ಲತ್ತಿ ಇಲ್ಲೋ?
ತಮ್ಮ ನೀರು ಕೇಳ್ಲತ್ತಾನ, ನನಗ ಕೊಡ್ಲಿಕ್ಕ ಆಗವಲ್ದು.
ಒಂದು ಮಳಿಯರ ಕೊಡು, ಈ ಬಿಸಿಲರ ಕಡಿಮಿ ಮಾಡು.’

ನಾಲ್ಕನೆಯ ಸಾಲು ಆ ದಿನ ಖಾಲಿ.

ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮೈಯಿಂದ ನೀರು ತಾನಾಗಿ ಹೊರಗೆ ಹೋಗುವುದಿಲ್ಲ, ಜಾಸ್ತಿ ಕುಡಿದರೆ ಕಾಲು ಬಾತು, ಉಸಿರು ಕಟ್ಟುತ್ತದೆ. ಅದಕ್ಕೆ ಅಳತೆ ನೀರು. ತಮ್ಮ ಒಂದು ಬಾಟಲಿಗೆ ಗೆರೆ ಹಾಕಿ ಇಟ್ಟುಕೊಂಡಿದ್ದ. ನೀರಿಗಾಗಿ ಬಾಯಾರುವ ಜಿಂಕೆಯ 42ನೇ ಕೀರ್ತನೆಯನ್ನು ನಾವೆಲ್ಲ ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅವನು ಒಂದು ಮಧ್ಯಾಹ್ನ, ‘ಅಕ್ಕಾ, ಆ ಜಿಂಕಿ ನಾನೇ ನೋಡು’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಶಿಲುಬಿ ಮ್ಯಾಲ ಅವನಿಗೂ ನೀರಡಿಕಿ ಆಗಿತ್ತಲ್ಲ’ ಅಂದ. ಯೋಹಾನನ ಸುವಾರ್ತೆ 19ರಲ್ಲಿದೆ ಯೇಸುವಿನ ಆ ಮಾತು. ನಾನು ಎಷ್ಟು ಗುಡ್ ಫ್ರೈಡೇ ಪ್ರಸಂಗ ಕೇಳಿದ್ದೇನೋ, ಆ ಮಾತು ಹಾಗೆ ನನಗೆ ಯಾವತ್ತೂ ನಾಟಿರಲಿಲ್ಲ. ದೇವರು ಮೇಲಿನಿಂದ ನೋಡುತ್ತಾ ಕೂತಿಲ್ಲ, ನೀರಡಿಕೆ ಅಂದರೆ ಏನು ಅಂತ ಅವನಿಗೆ ಒಳಗಿನಿಂದ ಗೊತ್ತು. ನನ್ನ ನಂಬಿಕೆ ಉಳಿದಿದ್ದರೆ ಅದಕ್ಕೆ ಅರ್ಧ ಕಾರಣ ಆ ಮಧ್ಯಾಹ್ನ.

ಹೆಜ್ಜೆ 3: ಮಾತು ಬರದಿದ್ದರೆ ಬೇರೆಯವರ ಮಾತು ತಗೊಳ್ಳಿ

ಬರೆಯಲೂ ಆಗದ ದಿನ ಬರುತ್ತದೆ. ಆಗ ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಶುರು ಮಾಡಿ, ಎಲ್ಲಿವರೆಗೆ ಆಗುತ್ತದೋ ಅಲ್ಲಿವರೆಗೆ ಹೇಳಿ ಸುಮ್ನೆ ಕೂಡಿ. ಕ್ಯಾಥೋಲಿಕರಾದರೆ ಕೈಯಲ್ಲಿ ಜಪಮಾಲೆ ಇರುತ್ತದೆ. ನಾವು ಮೆಥಡಿಸ್ಟರು, ಜಪಮಾಲೆ ನಮ್ಮ ರೂಢಿಯಲ್ಲಿ ಇಲ್ಲ. ಆದರೆ ಡಯಾಲಿಸಿಸ್ ಕೋಣೆಯ ಹೊರಗೆ ನನ್ನ ಪಕ್ಕ ಕೂರುತ್ತಿದ್ದ ಒಬ್ಬ ಕ್ಯಾಥೋಲಿಕ್ ಅವ್ವ ಮಣಿ ಎಣಿಸುತ್ತಾ ನಾಲ್ಕು ತಾಸು ತಳ್ಳುವುದನ್ನು ನೋಡಿ ಅದರ ಬೆಲೆ ನನಗೆ ಅರ್ಥವಾಯಿತು. ತಲೆ ಕೆಲಸ ಮಾಡದಾಗ ಬೆರಳು ಪ್ರಾರ್ಥನೆ ಮಾಡುತ್ತದೆ.

ಮಾರ್ಕ 9ರಲ್ಲಿ ಮಗನ ಕಾಯಿಲೆಗೆ ಸೋತು ಬಂದ ಒಬ್ಬ ತಂದೆ ಇದ್ದಾನೆ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅನ್ನುತ್ತಾನೆ. ಎರಡನ್ನೂ ಒಂದೇ ಉಸಿರಿನಲ್ಲಿ. ಯೇಸು ಅವನನ್ನು ಪೂರ್ತಿ ನಂಬಿಕೆ ತಗೊಂಡು ಬಾ ಅಂತ ವಾಪಸ್ ಕಳಿಸಲಿಲ್ಲ. ಈ ಒಂದು ಸಾಲು ಸಾಕು, ದಿನಕ್ಕೆ ಒಂದು ಸಲ. ಅದಕ್ಕೆ ಒಂದು ಹೊತ್ತು, ಒಂದು ಜಾಗ ಗೊತ್ತು ಮಾಡಿಕೊಳ್ಳಿ. ನನಗೆ ಅದು ತಮ್ಮನನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದ ಕೂಡಲೇ, ಹೊರಗಿನ ಬೆಂಚಿನ ಮೇಲೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಮೂರು ಸಲ ಆ ಸಾಲು. ಮನಸ್ಸಿಗೆ ಹೇಗಿದೆ ಅಂತ ನೋಡುತ್ತಾ ಕೂರಲಿಲ್ಲ.

ಅದೂ ಆಗದಿದ್ದರೆ ಬರೀ ನರಳಿದರೂ ಆಯಿತು. ಮಾತಿಗೆ ಸಿಗದ ನರಳಾಟದಲ್ಲಿ ಪವಿತ್ರಾತ್ಮನೇ ನಮ್ಮ ಪರವಾಗಿ ಬೇಡುತ್ತಾನೆ ಅಂತ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ.

ಹೆಜ್ಜೆ 4: ಇಬ್ಬರು ಮೂವರನ್ನು ಹಿಡಿದುಕೊಳ್ಳಿ

ಮಾರ್ಕ 2ರ ಕಥೆ ಎಲ್ಲರಿಗೂ ಗೊತ್ತು. ನಾಲ್ಕು ಜನ ಪಾರ್ಶ್ವವಾಯು ಬಡಿದವನನ್ನು ಹೊತ್ತು ತಂದು, ಜನ ತುಂಬಿದ್ದಕ್ಕೆ ಮಾಳಿಗೆ ಬಿಚ್ಚಿ ಮೇಲಿನಿಂದ ಯೇಸುವಿನ ಮುಂದೆ ಇಳಿಸಿದರು. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಅದು ಹೇಗೆ ಆಗಿರಬಹುದು ಅಂತ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಯೇಸು ನೋಡಿದ್ದು ಅವರ ನಂಬಿಕೆಯನ್ನು ಅಂತ ಬರೆದಿದೆ. ಹೊರಸಿನ ಮೇಲೆ ಮಲಗಿದವನ ನಂಬಿಕೆ ಎಷ್ಟಿತ್ತು ಅಂತ ಯಾರೂ ಅಳತೆ ಮಾಡಲಿಲ್ಲ. ನಿಮಗೆ ನಂಬಲು ಆಗದ ದಿನ ನಿಮ್ಮ ಪರವಾಗಿ ಬೇರೆಯವರು ನಂಬಬಹುದು.

ಆದರೆ ಅವರಿಗೆ ನೀವು ಹೇಳಬೇಕು. ಇಡೀ ಸಭೆಗೆ ಅಲ್ಲ. ಊರಿಗೆಲ್ಲ ಹೇಳಿಕೊಂಡರೆ ಸಹಾಯಕ್ಕಿಂತ ಮಾತೇ ಜಾಸ್ತಿ. ಎರಡು ಮೂರು ಜನ ಸಾಕು. ಯಾರನ್ನು ಆರಿಸಬೇಕು ಅಂದರೆ, ನೀವು ಅಳುವಾಗ ಗಡಿಯಾರ ನೋಡದವರು, ನಿಮ್ಮ ಮಾತನ್ನು ಇನ್ನೊಂದು ಮನೆಗೆ ಒಯ್ಯದವರು. ಅವರು ಸತ್ಯವೇದ ಬಲ್ಲವರೇ ಆಗಬೇಕು ಅಂತಿಲ್ಲ. ಕೇಳುವಾಗ ಬಿಡಿಸಿ ಕೇಳಿ. ‘ಪ್ರಾರ್ಥನೆ ಮಾಡ್ರಿ’ ಅಂದರೆ ಹೂಂ ಅನ್ನುತ್ತಾರೆ, ಮರೆಯುತ್ತಾರೆ. ‘ಮಂಗಳವಾರ ಮುಂಜಾನೆ ಏಳಕ್ಕೆ ಫೋನ್ ಮಾಡಿ ಎರಡು ನಿಮಿಷ ಪ್ರಾರ್ಥನೆ ಮಾಡ್ತೀರೇನು ಕಾಕಾ?’ ಅಂದರೆ ಮಾಡುತ್ತಾರೆ. ನಮ್ಮ ಪಾಸ್ಟರ್ ಅಯ್ಯನವರಿಗೆ ನಾನು ಕೇಳಿದ್ದು ಒಂದೇ, ‘ಬಂದಾಗ ಪ್ರಸಂಗ ಬ್ಯಾಡ್ರಿ ಅಯ್ಯನವ್ರೇ, ಅವನ ಜೋಡಿ ಕೂಡ್ರಿ ಸಾಕು.’ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬಂದು ಕ್ರಿಕೆಟ್ ಮಾತಾಡುತ್ತಾ ಕೂರುತ್ತಿದ್ದರು, ಹೋಗುವಾಗ ತಲೆ ಮೇಲೆ ಕೈ ಇಟ್ಟು ಒಂದು ಮಾತು ಹೇಳಿ ಹೋಗುತ್ತಿದ್ದರು.

ಭಾನುವಾರ ಆರಾಧನೆಗೆ ಹೋಗುವುದನ್ನು ಬಿಡಬೇಡಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ, ಆದರೆ ಹೋಗುವ ಬಗೆ ಬದಲಾಯಿಸಿ. ಹಿಂದಿನ ಸಾಲಿನಲ್ಲಿ ಕೂಡಿ. ಹಾಡಲು ಆಗದಿದ್ದರೆ ಹಾಡಬೇಡಿ, ಪಕ್ಕದವರು ಹಾಡುವುದನ್ನು ಕೇಳಿ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನ ಇದ್ದ ದಿನ ಮಾತ್ರ ತಪ್ಪಿಸಬೇಡಿ. ಅಲ್ಲಿ ನೀವು ಏನೂ ಹೇಳಬೇಕಾಗಿಲ್ಲ, ಕೈ ಚಾಚಿದರೆ ಸಾಕು.

ಹೆಜ್ಜೆ 5: ಕೆಲವು ಬಾಯಿಗಳಿಗೆ ಬಾಗಿಲು ಹಾಕಿ

ಇದನ್ನು ಬರೆಯುವಾಗ ನನಗೆ ಇನ್ನೂ ಸಿಟ್ಟು ಬರುತ್ತದೆ.

ಹೊರಗಿನಿಂದ ಬಂದ ಒಬ್ಬ ಪ್ರಸಂಗಿ ನಮ್ಮ ಮನೆಯಲ್ಲಿ ಕೂತು, ತಮ್ಮನ ಎದುರಿಗೇ, ‘ಈ ಮನ್ಯಾಗ ಮುಚ್ಚಿಟ್ಟ ಪಾಪ ಅದ’ ಅಂದ. ಅಪ್ಪ ಅವತ್ತು ರಾತ್ರಿ ಪೂರ್ತಿ ತನ್ನ 65 ವರ್ಷದ ಬದುಕು ಕೆದಕುತ್ತಾ ಕೂತರು. ಯೋಹಾನ 9ರಲ್ಲಿ ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಇದನ್ನೇ ಕೇಳುತ್ತಾರೆ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆ ತಾಯಿಯೋ? ಯೇಸು ಎರಡೂ ಅಲ್ಲ ಅನ್ನುತ್ತಾನೆ. ನಿಮ್ಮ ಮನೆಗೆ ಇಂಥವರು ಬಂದರೆ ಆ ಒಂದು ವಚನ ಹೇಳಿ, ಚಹಾ ಕೊಟ್ಟು ಕಳಿಸಿಬಿಡಿ. ವಾದ ಮಾಡುವ ಶಕ್ತಿ ನಿಮಗೆ ಈಗ ಬೇರೆ ಕಡೆ ಬೇಕು.

ಔಷಧಿ ಬಿಡಿ, ನಂಬಿಕೆ ಇಡಿ ಅನ್ನುವವರ ಮಾತು ಕೇಳಲೇಬೇಡಿ. ಡಯಾಲಿಸಿಸ್ ಬಿಟ್ಟರೆ ಜೀವ ಹೋಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಫಿಟ್ಸ್, ಮನಸ್ಸಿನ ಕಾಯಿಲೆಯ ಮಾತ್ರೆ ಯಾವುದನ್ನೂ ಡಾಕ್ಟರ್ ಹೇಳದೆ ನಿಲ್ಲಿಸಬೇಡಿ. ಹಿಜ್ಕೀಯ ಅರಸ ಸಾಯುವ ಹಾಗಿದ್ದಾಗ ದೇವರು ಅವನ ಪ್ರಾರ್ಥನೆ ಕೇಳಿ 15 ವರ್ಷ ಆಯಸ್ಸು ಕೊಟ್ಟ, ಆದರೂ ಪ್ರವಾದಿ ಯೆಶಾಯ ಅವನ ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸಿದ. ಪೌಲನ ಜೊತೆಗಿದ್ದ ಲೂಕ ವೈದ್ಯ. ಪ್ರಾರ್ಥನೆ ಮತ್ತು ಔಷಧಿ ಜಗಳ ಆಡುವುದು ನಮ್ಮ ಬಾಯಲ್ಲಿ ಮಾತ್ರ. ಬಿಪಿಎಲ್ ಕಾರ್ಡ್ ಇದ್ದರೆ ಜಿಲ್ಲಾ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ದುಡ್ಡು ಕೊಡಬೇಕಾಗಿಲ್ಲ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ, ಮೊದಲು ಅಲ್ಲಿ ಹೋಗಿ ಕೇಳಿ.

ಕಾಣಿಕೆ ಹಾಕಿದರೆ ರೋಗ ಹೋಗುತ್ತದೆ, ಬಿತ್ತಿದರೆ ನೂರರಷ್ಟು ಬೆಳೆಯುತ್ತದೆ ಅಂತ ಫೋನ್‌ನಲ್ಲಿ ನಂಬರ್ ತೋರಿಸಿ ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಬೇಡ. ಸೇನಾಪತಿ ನಾಮಾನನ ಕುಷ್ಠ ವಾಸಿಯಾದಾಗ ಅವನು ತಂದ ಬೆಳ್ಳಿ ಬಂಗಾರವನ್ನು ಪ್ರವಾದಿ ಎಲೀಷ ಮುಟ್ಟಲೂ ಇಲ್ಲ. ಹಿಂದೆ ಓಡಿ ಹೋಗಿ ಇಸಕೊಂಡ ಸೇವಕನಿಗೆ ಏನಾಯಿತು ಅಂತ ಎರಡನೆಯ ಅರಸುಗಳು 5ರಲ್ಲಿ ಓದಿ.

ಹೆಜ್ಜೆ 6: ವಾಗ್ದಾನದ ವಚನವನ್ನು ಪೂರ್ತಿ ಅಧ್ಯಾಯದ ಜೊತೆ ಓದಿ

ಹೊಸ ವರ್ಷದ ರಾತ್ರಿ ಚರ್ಚ್‌ನಲ್ಲಿ ವಚನ ಬರೆದ ವಾಗ್ದಾನದ ಕಾರ್ಡ್ ತೆಗೆಯುತ್ತೇವಲ್ಲ, 2023ರಲ್ಲಿ ನನಗೆ ಬಂದದ್ದು ಯೆರೆಮೀಯ 29:11. ನಿಮಗೆ ಒಳ್ಳೆಯ ಗತಿ, ನಿರೀಕ್ಷೆ ಕೊಡುತ್ತೇನೆ ಅಂತ ದೇವರು ಹೇಳುವ ಅದೇ ವಚನ. ತಮ್ಮ ವಾಸಿಯಾಗುತ್ತಾನೆ ಅಂತ ನಾನು ಅರ್ಥ ಮಾಡಿಕೊಂಡೆ, ಎಲ್ಲರಿಗೂ ಹೇಳಿಕೊಂಡು ಬಂದೆ. ಅದರ ಹಿಂದಿನ ವಚನ ಓದಿರಲಿಲ್ಲ. ಅಲ್ಲಿ 70 ವರ್ಷ ಆದ ಮೇಲೆ ಅಂತ ಇದೆ. ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿಗೆ ಒಳ್ಳೆಯದಾಗಲಿ ಅಂತ ಪ್ರಾರ್ಥಿಸಿ ಅನ್ನುತ್ತಾನೆ. ಕಾಗದ ಕೇಳಿಸಿಕೊಂಡ ಮುದುಕರಲ್ಲಿ ಎಷ್ಟೋ ಜನ ಯೆರೂಸಲೇಮನ್ನು ಮತ್ತೆ ನೋಡಲೇ ಇಲ್ಲ. ಇಷ್ಟು ಗೊತ್ತಾದ ಮೇಲೆ ಆ ವಚನ ನನಗೆ ಚಿಕ್ಕದಾಗಲಿಲ್ಲ, ಇನ್ನೂ ದೊಡ್ಡದಾಯಿತು. ಗುಳೆ ಹೋಗಿ ಪುಣೆಯ ತಗಡಿನ ಶೆಡ್‌ನಲ್ಲಿ ಇರುವ ನಮ್ಮವರಿಗೆ ಬರೆದ ಹಾಗಿದೆ.

ಹಾಗೇ ಪ್ರವಾದಿ ಹಬಕ್ಕೂಕನ ಪುಸ್ತಕ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಿಸುತ್ತೇನೆ ಅನ್ನುವ ವಚನವನ್ನು ತೊಗರಿ ಹೋದ ವರ್ಷ ಅಪ್ಪನಿಗೆ ಎಷ್ಟು ಜನ ಹೇಳಿದರೋ. ಅಪ್ಪನಿಗೆ ಅದು ಚುಚ್ಚಿತು. ಹಬಕ್ಕೂಕನದು ಮೂರೇ ಅಧ್ಯಾಯ, ಆ ಮಾತು ಕೊನೆಯದರಲ್ಲಿದೆ. ಶುರುವಾಗುವುದು, ನಾನು ಎಷ್ಟು ಕೂಗಿದರೂ ನೀನು ಯಾಕೆ ಕೇಳುವುದಿಲ್ಲ ಅಂತ. ಮೊದಲನೆಯದರಿಂದ ಮೂರನೆಯದಕ್ಕೆ ನಿಮ್ಮ ಕಾಲಿನಲ್ಲೇ ನಡೆದು ಬನ್ನಿ, ಎಷ್ಟು ದಿನ ಆದರೂ ಆಗಲಿ.

ಹೆಜ್ಜೆ 7: ನಾಳೆ ಇದೆ ಅನ್ನುವ ಹಾಗೆ ಒಂದು ಸಣ್ಣ ಕೆಲಸ ಮಾಡಿ

ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದೆ. ಯೆರೆಮೀಯ ಸೆರೆಯಲ್ಲಿದ್ದಾನೆ. ಆ ಹೊತ್ತಿನಲ್ಲಿ ಅವನು 17 ತೊಲ ಬೆಳ್ಳಿ ತೂಗಿ ಕೊಟ್ಟು ಅನಾತೋತಿನಲ್ಲಿ ಒಂದು ಹೊಲ ಕೊಳ್ಳುತ್ತಾನೆ. ಪತ್ರ ಮಾಡಿಸಿ, ಸಾಕ್ಷಿ ಹಾಕಿಸಿ, ಬಹಳ ದಿನ ಉಳಿಯಲಿ ಅಂತ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಆಮೇಲೆ ದೇವರನ್ನೇ ಕೇಳುತ್ತಾನೆ, ಪಟ್ಟಣ ಶತ್ರುವಿನ ಪಾಲಾಗುತ್ತಿದೆ, ನೀನು ನೋಡಿದರೆ ಹೊಲ ತಗೋ ಅಂದಿಯಲ್ಲ ಅಂತ. ಅರ್ಥ ಆದ ಮೇಲೆ ಕೊಂಡದ್ದಲ್ಲ ಅದು. ಕೊಂಡ, ಆಮೇಲೂ ಅರ್ಥ ಆಗಲಿಲ್ಲ, ಅದನ್ನೂ ಹೇಳಿದ.

ನೆಟೆ ರೋಗ ಮಣ್ಣಿನಲ್ಲಿ ಇರುವ ಶಿಲೀಂಧ್ರದಿಂದ ಬರುವುದು, ಅದು ವರ್ಷಗಟ್ಟಲೆ ಮಣ್ಣಿನಲ್ಲೇ ಉಳಿಯುತ್ತದೆ. ಅದೇ ಹೊಲಕ್ಕೆ ಮತ್ತೆ ತೊಗರಿ ಹಾಕಿದರೆ ಮತ್ತೆ ಬರುತ್ತದೆ, ಅದಕ್ಕೆ ನಡುವೆ ಜೋಳ ಹಾಕಿ ಬೆಳೆ ಬದಲಾಯಿಸಬೇಕು. 2023ರಲ್ಲಿ ಅಪ್ಪ ಜೋಳ ಬಿತ್ತಿದರು. ಮನೆಯಲ್ಲಿ ಮಗ ಹಾಗಿರುವಾಗ ಬಿತ್ತನೆ ಯಾಕೆ ಅಂತ ನಾನೇ ಕೇಳಿದ್ದೆ. ಆ ವರ್ಷ ಬರ ಬೇರೆ. ಜೋಳ ಬಂದದ್ದು ಅಷ್ಟಕ್ಕಷ್ಟೇ, ದನಕ್ಕೆ ಕಣಕಿ ಆಯಿತು. ಆದರೆ ಬಿತ್ತಿ ಬಂದ ದಿನ ಅಪ್ಪ ಹೊಟ್ಟೆ ತುಂಬ ಉಂಡರು, ಅದನ್ನು ನಾನು ನೋಡಿದೆ.

ನಿಮ್ಮದು ಹೊಲ ಇರಲಿಕ್ಕಿಲ್ಲ. ಮಗಳ ಶಾಲೆಯ ಅರ್ಜಿ ಇರಬಹುದು, ಗೋಡೆಗೆ ಸುಣ್ಣ ಇರಬಹುದು, ಒಂದು ಗಿಡ ಹಚ್ಚುವುದು ಇರಬಹುದು. ವಾರಕ್ಕೆ ಒಂದು. ಸಾಲ ಇದ್ದರೆ ಅದನ್ನೇ ಮೊದಲ ಕೆಲಸ ಮಾಡಿಕೊಳ್ಳಿ. ಯಾರಿಗೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಯಿರಿ, ಗಂಡ ಹೆಂಡತಿ ಇಬ್ಬರೂ ಕೂತು ಬರೆಯಿರಿ, ಮುಚ್ಚಿಟ್ಟ ಸಾಲವೇ ಜಾಸ್ತಿ ಕೊಲ್ಲುವುದು. ಸಂಘದ ಸಾಲ, ಫೈನಾನ್ಸ್ ಸಾಲ ವಸೂಲಿಗೆ ಮನೆ ಮುಂದೆ ಕೂತು ಮರ್ಯಾದೆ ಕಳೆಯುವುದು, ಹೆದರಿಸುವುದು ಕರ್ನಾಟಕದಲ್ಲಿ 2025ರ ಕಾನೂನಿನ ಪ್ರಕಾರ ಅಪರಾಧ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಉಚಿತ ಕಾನೂನು ಸಹಾಯಕ್ಕೆ 15100ಕ್ಕೆ ಫೋನ್ ಮಾಡಿ.

ಹೆಜ್ಜೆ 8: ಕೇಳಿದ್ದು ಸಿಗದೆ ಹೋದರೆ

ಇದನ್ನು ಹೆಜ್ಜೆ ಅಂತ ಕರೆಯಬಹುದೋ ಇಲ್ಲವೋ. ತಮ್ಮ ಹೋದ ಮೇಲೆ ಕೆಲವು ತಿಂಗಳು ನಾನು ಪ್ರಾರ್ಥನೆ ಮಾಡಲಿಲ್ಲ. ನೋಟ್‌ಬುಕ್ ಮುಟ್ಟಲಿಲ್ಲ. ಆದರೆ ಆ ಅತ್ತೆಯ ಡಬ್ಬಿ ಬರುತ್ತಿತ್ತು, ಕಾಕಾನ ಫೋನ್ ಬರುತ್ತಿತ್ತು. ಆ ತಿಂಗಳುಗಳಲ್ಲಿ ನನ್ನ ನಂಬಿಕೆ ನನ್ನ ಹತ್ತಿರ ಇರಲಿಲ್ಲ, ಅವರ ಹತ್ತಿರ ಇತ್ತು.

ಇಂಥ ಹೊತ್ತಿನಲ್ಲಿ ಯೋಹಾನ 11 ಓದಿ. ಲಾಜರ ಬೇನೆಯಲ್ಲಿದ್ದಾನೆ ಅಂತ ಹೇಳಿ ಕಳಿಸಿದರೂ ಯೇಸು ಎರಡು ದಿನ ತಡ ಮಾಡಿ ಹೊರಡುತ್ತಾನೆ. ಬರುವ ಹೊತ್ತಿಗೆ ಸಮಾಧಿ ಮಾಡಿ ನಾಲ್ಕು ದಿನ. ಲಾಜರನ ಅಕ್ಕ ಮಾರ್ಥ ಎದುರು ಹೋಗಿ ಹೇಳುವ ಮೊದಲ ಮಾತು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಆಮೇಲೆ ಅವಳ ತಂಗಿ ಮರಿಯಳು ಬರುತ್ತಾಳೆ, ಅವಳದೂ ಅದೇ ಮಾತು. ಅಕ್ಕ ತಂಗಿ ನಾಲ್ಕು ದಿನ ಮನೆಯಲ್ಲಿ ಅದನ್ನೇ ಮಾತಾಡಿಕೊಂಡಿರಬೇಕು. ಯೇಸು ಇಬ್ಬರನ್ನೂ ಗದರಿಸಲಿಲ್ಲ. ಮಾರ್ಥಳಿಗೆ ಪುನರುತ್ಥಾನದ ಮಾತು ಕೊಟ್ಟ, ಮರಿಯಳ ಜೊತೆ ಅತ್ತ. ನಾನು ಈ ಅಧ್ಯಾಯವನ್ನು ಸತ್ತ ಲಾಜರ ಸಮಾಧಿಯಿಂದ ಎದ್ದು ಬರುವುದಕ್ಕಾಗಿ ಓದುತ್ತಿದ್ದೆ. ಈಗ ಆ ಅಕ್ಕ ತಂಗಿಯರಿಗಾಗಿ ಓದುತ್ತೇನೆ. ಪುನರುತ್ಥಾನ ಇದೆ ಅಂತ ನಾನು ನಂಬುತ್ತೇನೆ, ತಮ್ಮನನ್ನು ಮತ್ತೆ ನೋಡುತ್ತೇನೆ ಅಂತ ನಂಬುತ್ತೇನೆ. ಅದು ನಂಬಿಯೂ ಅಳು ಬರುತ್ತದೆ, ಎರಡೂ ಇರುತ್ತವೆ.

ಸತ್ತವರ ಹುಟ್ಟುಹಬ್ಬ, ಮೊದಲ ಕ್ರಿಸ್ಮಸ್, ಮೊದಲ ಈಸ್ಟರ್, ಆ ದಿನಗಳಿಗೆ ಮೊದಲೇ ಯಾರನ್ನಾದರೂ ಜೊತೆಗೆ ಕರೆದಿಟ್ಟುಕೊಳ್ಳಿ. ನಾವು ಈಸ್ಟರ್ ಬೆಳಗಿನ ಜಾವ ಸಮಾಧಿಗೆ ಹೋಗಿ ಮೇಣದ ಬತ್ತಿ ಹಚ್ಚಿದೆವು. ಅವ್ವ ಒಂದು ಬಾಟಲಿ ನೀರು ತಂದಿದ್ದಳು, ಗೆರೆ ಹಾಕಿದ ಅದೇ ಬಾಟಲಿ. ಸಮಾಧಿಯ ಮೇಲೆ ಸುರಿದಳು, ಪೂರ್ತಿ.

ಅವ್ವ ಈಗಲೂ ದಿನಾ ನಸುಕಿನಲ್ಲಿ ಎದ್ದು ಒಲೆ ಮುಂದೆ ಕೂತು ದೇವರನ್ನು ಕೇಳುತ್ತಾಳೆ. ಗಟ್ಟಿಯಾಗೇ ಕೇಳುತ್ತಾಳೆ, ಮನೆಯವರಿಗೆಲ್ಲ ಕೇಳಿಸುತ್ತದೆ. ‘ಯಾಕ ಒಯ್ದಿ ನನ್ನ ಮಗನ್ನ? ನನಗ ಹೇಳ್ಬೇಕು ನೀನು.’ ಸ್ವಲ್ಪ ಹೊತ್ತು ಸುಮ್ನೆ ಇರುತ್ತಾಳೆ. ಆಮೇಲೆ ಆಮೆನ್ ಅಂದು ರೊಟ್ಟಿ ಬಡಿಯಲು ಹಿಟ್ಟು ತೆಗೆಯುತ್ತಾಳೆ.